ಪುಷ್ಕರಣಿಯಲ್ಲಿ ಕೂಗಿದ ಹೆಸರು

ಆಗೆಲ್ಲ ಸಂತೇಬೆನ್ನೂರಿನ ಪುಷ್ಕರಣಿ ನೋಡಲು ಹೋದವರು ಮೊದಲು ಅಲ್ಲಿನ ವ್ಯಾಪಾರಿಗಳ ಕೈಯಿಂದ ತಪ್ಪಿಸಿಕೊಳ್ಳಬೇಕಿತ್ತು. ಬಸ್ಸಿಳಿದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮಂಡಕ್ಕಿಯವರು, ಸೌತೆಕಾಯಿಯವರು, ಬಳೆಯವರು ಸುತ್ತ ನೆರೆದುಬಿಡುತ್ತಿದ್ದರು. ಕರಿದ ಮೆಣಸಿನಕಾಯಿಯ ಘಾಟಿನ ಜೊತೆಗೆ ಪಾಚಿಗಟ್ಟಿದ ನೀರಿನ ತಣ್ಣನೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಆಗ ನನಗೆ ಒಂಬತ್ತು ವರ್ಷ. ಬೇಸಿಗೆ ರಜೆ. ನ್ಯಾಮತಿಯಿಂದ ನಾನು, ಅವ್ವ, ಅವ್ವನ ಅಕ್ಕ ದೊಡ್ಡವ್ವ, ಮೂವರೂ ಚನ್ನಗಿರಿಯ ನೆಂಟರ ಮನೆಗೆ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಬಂದಿದ್ದೆವು. ಮಾರನೆಯ ದಿನ ಮಧ್ಯಾಹ್ನ ಸಂತೇಬೆನ್ನೂರಿನ ಹೊಂಡ ನೋಡಲು ಹೊರಟೆವು.

ಮೆಟ್ಟಿಲಿಳಿಯುತ್ತಿದ್ದಾಗ ತಲೆಗೆ ಟವೆಲ್ ಸುತ್ತಿದ ಮುದುಕನೊಬ್ಬ ಅಡ್ಡ ನಿಂತ. ಕಾಸು ಕೊಟ್ಟರೆ ಹೆಸರು ಕೂಗುವುದು ಅವನ ಕಸುಬು. ಅವನ ಕೂಗು ನೀರಿನ ನಡುವಿನ ಕಲ್ಲುಮಂಟಪಕ್ಕೆ ಬಡಿದು ವಾಪಸು ಬರುತ್ತಿತ್ತು.

"ಹೆಸರು ಹೇಳ್ರಿ ತಾಯಿ, ಕೂಗ್ತೀನಿ. ಮಂಟಪ ಮಾತಾಡ್ತೈತೆ."

"ಬ್ಯಾಡಪ್ಪ, ದಾರಿ ಬಿಡು" ಎಂದಳು ದೊಡ್ಡವ್ವ. ಅವನು ಬಿಡಲಿಲ್ಲ. ಕೊನೆಗೆ ಅವ್ವ ಅವನ ಕಿವಿಯ ಹತ್ತಿರ ಏನೋ ಹೇಳಿದಳು.

"ನೀಲಾ..." ಎಂದು ಕೂಗಿದ ಮುದುಕ.

ನನ್ನ ಹೆಸರು ಶೀಲಾ. ಮುದುಕನಿಗೆ ಸರಿಯಾಗಿ ಕೇಳಿಸಿಲ್ಲ ಅಂದುಕೊಂಡೆ. "ಓ" ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಂಟಪದ ಕಡೆಯಿಂದ "ಓ" ಎಂದು ಕೇಳಿಸಿತು. ನಾನೇ ಅಂದೆನೋ, ಅಲ್ಲವೋ, ಇವತ್ತಿಗೂ ಖಾತ್ರಿಯಿಲ್ಲ. ಅವ್ವನ ಮುಖ ಮಾತ್ರ ಬಿಳಿಚಿಕೊಂಡಿತ್ತು.

ವ್ಯಾಪಾರಿಗಳಿಗೆ ಅಷ್ಟೇ ಸಾಕಾಯಿತು. "ನೀಲಾ, ಮಂಡಕ್ಕಿ ತಿಂತೀಯೇನವ್ವ?" "ನೀಲಾ, ಬಾ ಇಲ್ಲಿ!" ನಾಲ್ಕೂ ಕಡೆಯಿಂದ ಅದೇ ಹೆಸರು. "ನಾನು ಶೀಲಾ" ಎಂದು ಎರಡು ಸಲ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವ್ವನೂ ತಿದ್ದಲಿಲ್ಲ. ಬಳೆಗಾರ್ತಿ ನನ್ನ ಕೈ ಹಿಡಿದು ಅಳತೆ ನೋಡತೊಡಗಿದಳು. ಅವ್ವ ಬುಟ್ಟಿಯಿಂದ ಪುಟ್ಟ ಕಪ್ಪು ಬಳೆಗಳನ್ನು ಆರಿಸಿದಳು.

"ಇವು ಹಸುಗೂಸಿನವು ರೀ. ಈ ಹುಡುಗಿ ಕೈಗೆ ಆಗಂಗಿಲ್ಲ."

"ಇರ್ಲಿ, ಕೊಡ್ರಿ."

ಒಂದು ಹಿಡಿ ಸೊಪ್ಪಿಗೂ ಅರ್ಧ ಗಂಟೆ ಚೌಕಾಸಿ ಮಾಡುವ ಅವ್ವ ಅಂದು ಕೇಳಿದಷ್ಟು ಕೊಟ್ಟು, ಪೊಟ್ಟಣವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ನಡೆದುಬಿಟ್ಟಳು. ನನ್ನ ಕೈ ಹಿಡಿಯುವುದನ್ನೇ ಮರೆತಳು. ದೊಡ್ಡವ್ವ ಜನರ ನಡುವೆ ಎಲ್ಲೋ ಹಿಂದೆ ಉಳಿದಿದ್ದಳು. ಜೋರಾಗಿ ಕೂಗಿದೆ.

"ಅವ್ವಾ!"

"ಅವ್ವಾ..." ಎಂದಿತು ಮಂಟಪ.

ಅವ್ವ ನಿಂತಳು. ಗಕ್ಕನೆ ತಿರುಗಿದಳು. ನಾನು ಅವಳಿಂದ ಹತ್ತೇ ಹೆಜ್ಜೆ ದೂರದಲ್ಲಿದ್ದೆ. ಅವಳು ನನ್ನನ್ನು ನೋಡಲಿಲ್ಲ. ನನ್ನ ತಲೆಯ ಮೇಲಿಂದ ನೀರಿನಾಚೆಯ ಮಂಟಪವನ್ನು ನೋಡುತ್ತಾ ಒಂದು ಮೆಟ್ಟಿಲು ಇಳಿದಳು. ಇನ್ನೊಂದು ಇಳಿದಳು. ಮತ್ತೆ ಕೂಗಲು ನನಗೆ ಧೈರ್ಯ ಬರಲಿಲ್ಲ. ಕೂಗಿದರೆ ಮತ್ತೆ ಅಲ್ಲಿಂದಲೇ ಉತ್ತರ ಬರುತ್ತದಲ್ಲ! ಓಡಿಹೋಗಿ ಅವಳ ಸೊಂಟ ತಬ್ಬಿಕೊಂಡೆ. ತುಂಬ ಹೊತ್ತಾದ ಮೇಲೆ ಅವಳ ಕೈ ನನ್ನ ತಲೆಯ ಮೇಲೆ ಬಂತು. ಅದು ತಣ್ಣಗಿತ್ತು.

ಸಂಜೆ ನೆಂಟರ ಮನೆಯ ಹಿತ್ತಲಲ್ಲಿ ನನಗೆ ಜಡೆ ಹಾಕುತ್ತಾ ದೊಡ್ಡವ್ವ ಮೆಲ್ಲಗೆ ಹೇಳಿದಳು: "ನಿನಗಿಂತ ಮುಂಚೆ ಒಬ್ಬಳಿದ್ದಳು ಕಣೆ. ನೀಲಾ ಅಂತ. ಹನ್ನೊಂದು ತಿಂಗಳ ಕೂಸು, ಜ್ವರ ಬಂದು ಹೋಯ್ತು. ನಿಮ್ಮವ್ವನ್ನ ಏನೂ ಕೇಳಾಕೆ ಹೋಗಬ್ಯಾಡ."

ನಾನು ಕೇಳಲಿಲ್ಲ. ಮೊದಮೊದಲು ಹೆದರಿಕೆಯಿಂದ. ದೊಡ್ಡವಳಾದ ಮೇಲೆ, ಅವ್ವನಿಗೆ ನೋವಾದೀತೆಂದು. ಆ ಬಳೆಗಳನ್ನು ಅವಳು ಎಲ್ಲಿಟ್ಟಳೋ, ಮತ್ತೆ ಕಣ್ಣಿಗೆ ಬೀಳಲಿಲ್ಲ.

ಅಪ್ಪ ಹೋದ. ದೊಡ್ಡವ್ವ ಹೋದಳು. ಮೂರು ವರ್ಷದ ಹಿಂದೆ ಅವ್ವನೂ ಹೋದಳು. ನೀಲಾಳದು ಒಂದು ಫೋಟೋ ಕೂಡ ಇಲ್ಲ. ಅವಳು ಬೆಳ್ಳಗಿದ್ದಳೋ ಕಪ್ಪಗಿದ್ದಳೋ, ನಕ್ಕರೆ ಗುಳಿ ಬೀಳುತ್ತಿತ್ತೋ, ಹನ್ನೊಂದು ತಿಂಗಳಿಗೆ ಗೋಡೆ ಹಿಡಿದು ನಿಲ್ಲುತ್ತಿದ್ದಳೋ, ಹೇಳುವವರು ಈಗ ಯಾರೂ ಉಳಿದಿಲ್ಲ. ಅವ್ವ ಇದ್ದಷ್ಟು ದಿನವೂ ಅವಳ ನೆನಪಿನೊಳಗೆ ನನಗೊಬ್ಬಳು ಅಕ್ಕ ಇದ್ದಳು. ಅದು ನನಗೆ ಅರ್ಥವಾದದ್ದು ಅವ್ವನ ಮಣ್ಣು ಮುಗಿಸಿ ಮನೆಗೆ ಬಂದ ದಿನ.