ಬೆರಳ ಮೇಲಿನ ನೀಲಿ ಚುಕ್ಕೆ

ತೊಳೆಯುವಾಗ ಗಾಜಿನ ಲೋಟ ಒಡೆದು ನನ್ನ ಬಲಗೈ ತೋರುಬೆರಳಿನ ಬುಡ ಕೊಯ್ದುಹೋಯಿತು. ತುಂಡಾದ ನರವನ್ನು ಡಾಕ್ಟರು ಹೊಲಿದರು. ಗಾಯ ಮಾಗಿತು, ಬೆರಳಿಗೆ ಸ್ಪರ್ಶ ಮರಳಲಿಲ್ಲ. ಪತ್ರಿಕೆಯಲ್ಲಿ ಪುಟ ತಿದ್ದುವವಳು ನಾನು. ಕೀಬೋರ್ಡಿನ ಕೀಲಿ ಒತ್ತಿದೆನೋ ಇಲ್ಲವೋ ಎಂಬುದನ್ನು ಪರದೆ ನೋಡಿಯೇ ತಿಳಿಯಬೇಕಿತ್ತು.

ಹೆಬ್ಬಾಳದ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹೆಂಗಸು ಯಲಹಂಕದ ಆಚೆಯ ಹಳ್ಳಿಯವರು. ಅವರ ಮಗ ಅಪಾರ್ಟ್‌ಮೆಂಟ್ ಕಟ್ಟಿಸುತ್ತಾನೆ. ಕಾಯಿ ಒಡೆಯುವಾಗ ಮಚ್ಚು ಜಾರಿ ಅವರಿಗೂ ಅದೇ ಬೆರಳು, ಅದೇ ಜಾಗ. ವಯಸ್ಸಾದವರ ನರ ನಿಧಾನವಾಗಿ ಬೆಳೆಯುತ್ತದೆ ಎಂದು ಎಲ್ಲೋ ಓದಿದ್ದೆ. ಅವರು ನನಗಿಂತ ಹಿರಿಯರು ಎಂಬುದು ಆಗ ನನಗೊಂದು ಸಮಾಧಾನವಾಗಿತ್ತು.

ಅಲ್ಲಿಯ ಥೆರಪಿಸ್ಟ್ ಹುಡುಗಿ ಬೆರಳನ್ನು ಬುಡದಿಂದ ಮೇಲಕ್ಕೆ ಮೆಲ್ಲಗೆ ತಟ್ಟುತ್ತಾ ಹೋಗುತ್ತಾಳೆ. ಜುಮ್ಮೆಂದಲ್ಲಿ ಪೆನ್ನಿನಿಂದ ನೀಲಿ ಚುಕ್ಕೆ ಇಡುತ್ತಾಳೆ. ನರದ ಚಿಗುರು ಅಲ್ಲಿಗೆ ತಲುಪಿದೆ ಎಂದು ಅರ್ಥ. ಆ ಹೆಂಗಸಿನ ಚುಕ್ಕೆ ಮೊದಲ ಗೆಣ್ಣು ದಾಟಿತು. ನನ್ನದು ಗಾಯದ ಕಲೆಯ ಅಂಚಿನಲ್ಲೇ ಇತ್ತು.

"ಏನಮ್ಮಾ, ನಿನ್ ನರ ಹೆಬ್ಬಾಳ ಫ್ಲೈಓವರ್‌ನಾಗೆ ಸಿಕ್ಕಾಕ್ಕೊಂಡೈತಾ?" ಎಂದರು. ಕಾಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಅವರ ಬೆರಳನ್ನೇ ನೋಡುತ್ತಾ.

ಹುಡುಗಿ ನನ್ನ ಕಲೆಯನ್ನು ಒತ್ತಿ ನೋಡಿದಳು. "ಕಲ್ಲಾಗ್ಬಿಟ್ಟಿದೆ ಮೇಡಂ. ಎಣ್ಣೆ ಹಚ್ಚಿ ಉಜ್ತಾನೇ ಇಲ್ವಾ?"

ಇಲ್ಲ. ಅಚ್ಚಿಗೆ ಹೋದ ಪುಟವನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಮಾಗಿದ ಗಾಯವನ್ನೂ ಹಾಗೆಯೇ ಬಿಟ್ಟಿದ್ದೆ.

"ನರದ ತುದಿ ಸುತ್ತಮುತ್ತ ಮುಟ್ಟಿ ನೋಡ್ಕೊಂಡು ಬೆಳೆಯುತ್ತೆ ಮೇಡಂ. ಲ್ಯಾಬ್‌ನಲ್ಲಿ ನರ ಬೆಳೆಸಿದಾಗ್ಲೂ ಅಷ್ಟೇ, ಮೆತ್ತಗಿರೋ ಜೆಲ್ ಮೇಲೆ ಒಂಥರಾ, ಗಟ್ಟಿ ಜೆಲ್ ಮೇಲೆ ಇನ್ನೊಂಥರಾ. ಇಷ್ಟು ಗಟ್ಟಿ ಕಲೆ ಒಳಗೆ ಅದು ದಾರಿ ಹುಡುಕೋದು ಕಷ್ಟ."

"ಉಜ್ಜಿದರೆ ಸ್ಪರ್ಶ ಖಂಡಿತ ಬರುತ್ತಾ?"

"ಖಂಡಿತ ಅಂತ ಹೇಳಕ್ಕಾಗಲ್ಲ. ಉಜ್ಜಿ ನೋಡಿ."

"ನಮ್ ಸೊಸೆ ದಿನಾ ಸಾಯಂಕಾಲ ಸೀರಿಯಲ್ ನೋಡ್ಕಂಡು ಉಜ್ತಾಳೆ. ಸಾಕು ಬಿಡೇ ಅಂದ್ರೂ ಬಿಡಾಕಿಲ್ಲ," ಎಂದರು ಆಕೆ. "ಕಾಯಿ ಕೊಯ್ತು, ಅದರ ಎಣ್ಣೆನೇ ವಾಸಿ ಮಾಡ್ತು ನೋಡು."

ಅಂದಿನಿಂದ ನಾನೂ ಉಜ್ಜಿದೆ, ಒಬ್ಬಳೇ, ಎಡಗೈಯಲ್ಲಿ. ನೋವಾದ ಕೂಡಲೇ ಒತ್ತುವ ಕೈ ತಾನಾಗಿ ಹಗುರವಾಗುತ್ತಿತ್ತು. ಅಷ್ಟು ದಿನ ಹೊಟ್ಟೆಕಿಚ್ಚು ಇದ್ದದ್ದು ಆ ಚುಕ್ಕೆಯ ಮೇಲೆ. ಈಗ ನಾನು ಕಂಡೇ ಇರದ ಆ ಸೊಸೆಯ ಮೇಲೆ.

ಆಕೆಯ ಚುಕ್ಕೆ ಬೆರಳ ತುದಿ ಮುಟ್ಟಿತು. ಕಣ್ಣು ಮುಚ್ಚಿಸಿ ಹತ್ತಿ ಸವರಿದಾಗ, "ಹೂ ತಾಕ್ದಂಗಾಯ್ತದೆ," ಎಂದರು. ಇನ್ನು ಬರುವುದು ಬೇಡ ಎಂದಳು ಹುಡುಗಿ. ಆಕೆ ಹೊರಡುವ ಮುಂಚೆ, ಕೇಳದೆಯೇ ನನ್ನ ಕೈ ಎಳೆದುಕೊಂಡರು.

"ನೀನು ಮಗೀಗೆ ಪೌಡ್ರು ಹಚ್ದಂಗೆ ಹಚ್ತೀಯ. ಇಂಗೆ ಒತ್ಬೇಕು ಕಣಮ್ಮ."

ಹೆಬ್ಬೆರಳು ಊರಿದಾಗ ಕಣ್ಣಲ್ಲಿ ನೀರು ಬಂತು. ಕೈ ಕಿತ್ತುಕೊಳ್ಳಬೇಕೆನಿಸಿತು. ಕಿತ್ತುಕೊಳ್ಳಲಿಲ್ಲ.

ಆಮೇಲೆ ಹಾಗೆಯೇ ಒತ್ತಿದೆ. ಕಲೆ ಮೆತ್ತಗಾಗುತ್ತಾ ಬಂತು. ಕೆಲವು ವಾರಗಳ ನಂತರ ಹುಡುಗಿ ಕಲೆಯಾಚೆ ತಟ್ಟಿದಾಗ ಬೆರಳು ಜುಮ್ಮೆಂದಿತು. ಮೊದಲ ಗೆಣ್ಣಿನ ಕೆಳಗೆ ನೀಲಿ ಚುಕ್ಕೆ ಇಟ್ಟಳು.

"ಖುಷಿನಾ ಮೇಡಂ?"

"ಹೂಂ," ಎಂದೆ. ಖುಷಿಯೇ ಆಗಿತ್ತು. ಬಸ್ಸಿನಲ್ಲಿ ಬೆರಳನ್ನು ಬೆಳಕಿಗೆ ಹಿಡಿದು ನೋಡಿದೆ. ನಾನು ಆಕೆಯನ್ನು ಮೊದಲು ಕಂಡ ದಿನವೇ ಆಕೆಯ ಚುಕ್ಕೆ ಇಲ್ಲಿತ್ತು.