ಚೆಲುವಮ್ಮ ನೋಡಿದ ಎದೆಯ ಫೋಟೋ

ಕೊಳ್ಳೇಗಾಲದ ದೇವಾಂಗರ ಬೀದಿಯಲ್ಲಿ ರೇಷ್ಮೆ ಬೇಯಿಸುವುದೆಂದರೆ ಚೆಲುವಮ್ಮನ ಕೈಯೇ ಆಗಬೇಕು. ಹಸಿ ನೂಲು ಮಾಸಲಾಗಿ, ಅಂಟಂಟಾಗಿ ಬರುತ್ತಿತ್ತು. ಸೋಪಿನ ನೀರಲ್ಲಿ ಕುದಿಸಿ, ಕೋಲಿಗೆ ಹಾಕಿ ತಿರುವಿ ತಿರುವಿ, ಅಂಟೆಲ್ಲ ಬಿಟ್ಟು ನೂಲಿನ ಲಡಿ ಬೆಳ್ಳಗಾದ ಮೇಲೇ ಅವಳು ಒಲೆ ಮುಂದಿನಿಂದ ಏಳುವಳು.

"ಬೆಳ್ಳಗಾಯ್ತೇನಮ್ಮಿ?" ಎಂದು ಗಂಡ ನಂಜುಂಡಯ್ಯ ಮಗ್ಗದ ಗುಂಡಿಯಿಂದಲೇ ಕೂಗುವನು.

"ನಿನ್ ಮೋರೆಗಿಂತ ಬೆಳ್ಳಗಾಗ್ಯದೆ, ಸುಮ್ಕಿರು."

ಅರವತ್ತಾರನೇ ಇಸವಿಯಲ್ಲಿ ಮಗಳು ಚೌಡೇಶ್ವರಿಯ ಮಂಡಿಯ ಮೇಲೆ ಊತ ಬಂತು. ಹತ್ತು ವರ್ಷದ ಮಗು. ಮೈಸೂರಿನ ಆಸ್ಪತ್ರೆಯಲ್ಲಿ ಕಾಲಿಗೂ ಎದೆಗೂ ಎಕ್ಸರೇ ತೆಗೆದು, ಮೂಳೆಯ ಕ್ಯಾನ್ಸರ್ ಅಂದರು ಡಾಕ್ಟರು. "ಎದೆಗೆ ಇನ್ನೂ ಹೋಗಿಲ್ಲ. ಈಗಲೇ ಕಾಲು ತೆಗೆದರೆ ಮಗು ಉಳೀಬಹುದು."

"ಒಂಟಿ ಕಾಲಲ್ಲಿ ಮಗ್ಗ ಎಂಗ್ ತುಳಿದಾಳು ಸಾ? ಇವಳನ್ನ ಕಟ್ಕಳೋರು ಯಾರು? ಮನೇಲಿ ಕೇಳ್ಕ ಬತ್ತೀನಿ" ಎಂದು ಬಂದ ಚೆಲುವಮ್ಮ, ರಾಮಾಪುರದ ನಾಟಿ ಪಂಡಿತನ ಹತ್ತಿರ ಸೊಪ್ಪು ಕಟ್ಟಿಸಿದಳು. ಊತ ಇಳಿಯಲಿಲ್ಲ. ಮಗುವಿಗೆ ಒಣಕೆಮ್ಮು ಹತ್ತಿದ ಮೇಲೆ ಮತ್ತೆ ಮೈಸೂರಿಗೆ ಹೊತ್ತು ತಂದಳು.

ಡಾಕ್ಟರು ಮತ್ತೆ ಎಕ್ಸರೇ ತೆಗೆಸಿ, ಎದೆಯ ಹಳೆ ಫೋಟೋ, ಹೊಸ ಫೋಟೋ ಎರಡನ್ನೂ ದೀಪದ ಹಲಗೆಗೆ ಸಿಕ್ಕಿಸಿದರು. ಹಳೆಯದರಲ್ಲಿ ಪಕ್ಕೆಲುಬುಗಳ ನಡುವೆ ಕಪ್ಪೋ ಕಪ್ಪು. ಹೊಸದರಲ್ಲಿ ಅಲ್ಲಲ್ಲಿ ದುಂಡಗೆ, ಹತ್ತಿ ಉಂಡೆಯ ಹಾಗೆ ಬಿಳುಪು.

"ಕಾಲು ತೆಗೆಯೋದು ಬೇಡಮ್ಮ" ಎಂದರು.

ಚೆಲುವಮ್ಮ ಕೈಯೆತ್ತಿ ಮುಗಿದಳು. "ನೋಡಿದ್ರಾ ಸಾ! ಅವತ್ತು ಕರ್ರಗಿತ್ತು, ಈಗ ಬೆಳ್ಳಗಾಯ್ತಾ ಅದೆ. ಪಂಡಿತ್ರ ಸೊಪ್ಪಿಗೆ ರೋಗ ಬುಟ್ಕತಾ ಅದೆ."

ಡಾಕ್ಟರು ಮಗುವನ್ನು ಹೊರಗೆ ಬೆಂಚಿನ ಮೇಲೆ ಕೂರಿಸಲು ನರ್ಸಿಗೆ ಹೇಳಿದರು. ಬಾಗಿಲು ಮುಚ್ಚಿತು.

"ತಾಯಿ, ಎದೆ ಕಪ್ಪಗಿದ್ದರೇ ಒಳ್ಳೇದು. ಕಪ್ಪು ಅಂದರೆ ಗಾಳಿ. ಈ ಬಿಳಿ ಇದೆಯಲ್ಲ, ಇದೇ ರೋಗ. ಕಾಲಿಂದ ಹೋಗಿ ಅಲ್ಲಿ ಕೂತಿದೆ."

ಅವಳು ಬೆಳಕಿನ ಹಲಗೆಯನ್ನೇ ನೋಡುತ್ತಾ ನಿಂತಳು. ಎಷ್ಟು ನೋಡಿದರೂ ಅವಳ ಕಣ್ಣಿಗೆ ಬಿಳುಪು ಚೊಕ್ಕಟವಾಗಿಯೇ ಕಂಡಿತು.

"ಅಂಗಾರೆ ಕಾಲ್ ಕುಯ್ದ್ಬುಡಿ ಸಾ. ಈಗ್ಲೇ ಕುಯ್ರಿ. ನಾನ್ ಬ್ಯಾಡ ಅನ್ನಾಕಿಲ್ಲ."

"ಈಗ ಕುಯ್ದರೆ ಮಗೂಗೆ ನೋವು ಕೊಟ್ಟ ಹಾಗೆ, ಅಷ್ಟೇ."

"ಇನ್ನೆಷ್ಟ್ ದಿವ್ಸ ಸಾ?"

"ಇಷ್ಟೊಂದು ಕಂಡ ಮೇಲೆ... ದೀಪಾವಳಿ ದಾಟೋದು ಕಷ್ಟ." ನೋವಿಗೆ ಮಾತ್ರೆ ಬರೆದುಕೊಟ್ಟರು.

ಹೊರಗೆ ಚೌಡೇಶ್ವರಿ ಬೆಂಚು ಹಿಡಿದು ಎದ್ದು ನಿಂತಿದ್ದಳು. "ಅವ್ವೋ, ಕಾಲ್ ಕುಯ್ಯಾಕಿಲ್ವಂತಲ್ಲ!"

"ಊ ಕಣವ್ವ. ಕುಯ್ಯಾಕಿಲ್ಲ."

ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿತು ಮಗು. "ಅಣ್ಣೋ, ನನ್ ಕಾಲ್ ಉಳ್ಕತು!"

"ಅಯ್ಯೋ ಬುಡವ್ವ, ಒಂದೇ ಕಾಲಾಗಿದ್ರೆ ಅರ್ಧ ಟಿಕೀಟಲ್ಲೂ ಅರ್ಧ ಮಾಡ್ತಿದ್ದೆ!" ಎಂದನವನು. ಬಸ್ಸೆಲ್ಲ ನಕ್ಕಿತು. ಚೌಡಿ ಕೆಮ್ಮು ಬರುವವರೆಗೂ ನಕ್ಕಳು. ಅವಳ ಬೆನ್ನು ನೀವುತ್ತಾ ಚೆಲುವಮ್ಮನೂ ನಕ್ಕಳು.

ಬೀದಿಯ ತಿರುವಿನಲ್ಲೇ ಮಗು ಕೂಗಿ ಹೇಳಿತು. ನಂಜುಂಡಯ್ಯ ಓಡಿಬಂದು ಎತ್ತಿಕೊಂಡು, ಆ ಊದಿದ ಕಾಲನ್ನು ಕಣ್ಣಿಗೊತ್ತಿಕೊಂಡ. "ಏನಂದ್ರು? ಸರಿಯಾಗಿ ಹೇಳಮ್ಮಿ" ಎಂದು ಹೆಂಡತಿಯ ಕಡೆ ತಿರುಗಿದ.

"ಮೊದ್ಲು ಮಗೀಗೆ ಉಣ್ಣಾಕಿಕ್ತೀನಿ" ಎಂದು ಅವಳು ಒಳಗೆ ಹೋದಳು.