ಎರಡು ಸಹಿಯ ಕೆಂಪು ಚೀಟಿ

ವೀರಭದ್ರಪ್ಪನವರ ಸಿಟ್ಟು ಮಲ್ಕಾಜ್‌ಗಿರಿಯ ಆ ಓಣಿಗೆಲ್ಲ ಗೊತ್ತಿದ್ದದ್ದೇ. ಈ ಬೇಸಿಗೆಯಲ್ಲಂತೂ ಅದು ಇಳಿಯಲೇ ಇಲ್ಲ. ಯಾಕೆ ಇಳಿಯಬೇಕು? ಸೋಮವಾರ, ಬುಧವಾರ, ಶುಕ್ರವಾರ ಹತ್ತರಿಂದ ಹನ್ನೊಂದರ ತನಕ ನಲ್ಲಿಯಲ್ಲಿ ನೀರು. ಅದೇ ಮೂರು ದಿನ, ಅದೇ ಹತ್ತು ಗಂಟೆಗೆ, ತಂತಿ ರಿಪೇರಿಯೆಂದು ಕರೆಂಟು ಬಂದ್. ಮಧ್ಯಾಹ್ನ ಒಂದರ ತನಕ ಬರುವುದಿಲ್ಲ. ಅವರ ಅಪಾರ್ಟ್‌ಮೆಂಟಿನ ಸಂಪು ಬಹಳ ಸಣ್ಣದು. ಮೋಟಾರು ನೀರನ್ನು ಮೇಲಿನ ಟಾಕಿಗೆ ಎತ್ತುತ್ತಿದ್ದರೆ ಮಾತ್ರ ಕೆಳಗೆ ಹೊಸ ನೀರಿಗೆ ಜಾಗ. ಕರೆಂಟಿಲ್ಲದೆ ಕಾಲು ಗಂಟೆಗೇ ತುಂಬಿ, ಉಳಿದದ್ದೆಲ್ಲ ಗಟಾರಕ್ಕೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ. ಹನ್ನೆರಡು ಮನೆಯ ಜನ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು.

ಮೂರನೇ ಮಹಡಿಯ ವೀರಭದ್ರಪ್ಪನವರೂ ಹೊರುತ್ತಿದ್ದರು. ಹೆಂಡತಿ ಗುಣವತಿಗೆ ಸಂಕ್ರಾಂತಿ ಆದಮೇಲೆ ಮೊಣಕಾಲಿನ ಆಪರೇಷನ್ ಆಗಿತ್ತು. ಇನ್ನೇನಾದರೂ ಬಿದ್ದರೆ ಆ ಕಾಲು ಕೈಬಿಟ್ಟಂತೆಯೇ ಎಂದು ಡಾಕ್ಟರು ಹೇಳಿದ್ದರು. "ನಾ ಇರೋತನಾ ನೀ ಕೊಡ ಮುಟ್ಟಬ್ಯಾಡ" ಎಂದು ಇವರು ತಾಕೀತು ಮಾಡಿದ್ದರು.

ಬಾಲಾನಗರದ ಕಾರ್ಖಾನೆಯಲ್ಲಿ ಅವರು ಮೂವತ್ತೆರಡು ವರ್ಷ ಎಲೆಕ್ಟ್ರಿಶಿಯನ್. ಅಲ್ಲೊಂದು ಪದ್ಧತಿಯಿತ್ತು. ಯಾವುದೇ ಲೈನು ಆರಿಸಬೇಕಾದರೂ, ಹಚ್ಚಬೇಕಾದರೂ ಕೆಂಪು ಚೀಟಿ ಬರೆದು, ಆರಿಸುವವನದೊಂದು, ಆ ಲೈನು ಬಳಸುವವನದೊಂದು ಸಹಿ ಹಾಕಿಸಬೇಕು. ಎರಡು ಸಹಿ ಬೀಳದೆ ಸ್ವಿಚ್ಚಿಗೆ ಕೈ ಹಚ್ಚಿದವನಿಗೆ ವೀರಭದ್ರಪ್ಪ ಗ್ರಹಚಾರ ಬಿಡಿಸುತ್ತಿದ್ದರು. ಒಂದು ಕಾರ್ಖಾನೆ ನಡೆಸುವಷ್ಟು ಬುದ್ಧಿ ಒಂದು ಊರು ನಡೆಸುವವರಿಗೆ ಬೇಡವೇ?

ಶುಕ್ರವಾರ, ನೀರು ಬಿಡುವ ಹೊತ್ತಿಗೆ ಕರೆಂಟು ತೆಗೆಯಬಾರದೆಂದು ಹಾಗೊಂದು ಕೆಂಪು ಚೀಟಿ ಬರೆದು, ಎರಡೂ ಆಫೀಸಿನ ಸಹಿಗೆ ಜಾಗ ಬಿಟ್ಟುಕೊಂಡು ನೀರಿನ ಆಫೀಸಿಗೆ ಹೋದರು. ಅಲ್ಲಿಯವನು ಚೀಟಿ ಓದಲೂ ಇಲ್ಲ. ಕರೆಂಟು ನಮ್ಮದಲ್ಲ ಎಂದ. ಎದುರಿಗೇ ಇದ್ದ ಕರೆಂಟಿನ ಆಫೀಸಿನವನು ನೀರು ನಮ್ಮದಲ್ಲ ಎಂದ. ನಡುವೆ ಒಂದೇ ರಸ್ತೆ. ಎರಡೂ ಕಡೆಗೆ ಚಹಾ ಬರುವುದು ಒಂದೇ ಅಂಗಡಿಯಿಂದ. ವೀರಭದ್ರಪ್ಪ ತೆಲುಗಿನಲ್ಲಿ ಬೈಯಲು ಶುರುಮಾಡಿ, ಅದು ಸಾಲದೆ ಕನ್ನಡಕ್ಕೆ ಇಳಿದರು. "ಒಂದs ಚಹಾ ಕುಡೀತೀರಿ, ಒಂದು ಮಾತು ಆಡಾಕ ಬರಂಗಿಲ್ಲೇನು ನಿಮಗ? ನಾಚಿಕಿ ಬರಬೇಕು!" ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ಕಾವಲುಗಾರ ಬಂದು ಹೊರಗೆ ಕಳಿಸಿದ.

ಮನೆಗೆ ಬಂದಾಗ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಗುಣವತಿ ಕೂತಿದ್ದರು. ಕೊಡ ಕೆಳಗೆ ಉರುಳಿತ್ತು. ಸೀರೆ ಒದ್ದೆಯಾಗಿತ್ತು, ಮೊಣಕಾಲು ಬಾತಿತ್ತು. ವೀರಭದ್ರಪ್ಪ ಎರಡೆರಡು ಮೆಟ್ಟಿಲು ಹಾರಿ ಅವರ ಹತ್ತಿರ ಬಂದರು. ಆದರೂ ಬಾಯಿಂದ ಬಂದದ್ದು ಬೈಗುಳವೇ.

"ಕೊಡ ಮುಟ್ಟಬ್ಯಾಡ ಅಂದಿದ್ದೆ!"

"ಮನಿಯಾಗ ಹನಿ ನೀರಿಲ್ಲ. ನೀವು ನ್ಯಾಯ ಹೇಳಾಕ ಹೋಗಿದ್ರಿ."

"ಮತ್ತೇನು ಮಾಡಬೇಕಿತ್ತು? ಆ ಎರಡು ಆಫೀಸಿನ ಮಂದಿ ಒಬ್ಬರಿಗೊಬ್ಬರು ಮಾತಾಡಂಗಿಲ್ಲ..."

ಮೆಟ್ಟಿಲ ಕಿಟಕಿಯಿಂದ ಪಕ್ಕದ ಅಪಾರ್ಟ್‌ಮೆಂಟಿನ ಜನರೇಟರಿನ ಸದ್ದು ಬರುತ್ತಿತ್ತು. ಅದು ಇದ್ದದ್ದು ಕಾಂಪೌಂಡ್ ಗೋಡೆಗೆ ಹತ್ತಿಯೇ. ಇಲ್ಲಿಯ ಮೋಟಾರಿಗೆ ಅಲ್ಲಿಂದ ಇಪ್ಪತ್ತು ಅಡಿ ವೈರು ಸಾಕು. ಆ ಅಪಾರ್ಟ್‌ಮೆಂಟಿನ ಅಧ್ಯಕ್ಷರು ರೈಲ್ವೆಯಿಂದ ನಿವೃತ್ತರಾದ ವೆಂಕಟೇಶರಾಯರು, ಇವರಂತೆಯೇ ಕನ್ನಡದವರು. ಈ ಅಪಾರ್ಟ್‌ಮೆಂಟಿಗೆ ವೀರಭದ್ರಪ್ಪನವರೇ ಅಧ್ಯಕ್ಷರು. ಗೇಟಿಗೆ ಅಡ್ಡ ನಿಂತ ಒಂದು ಕಾರಿನ ಸಲುವಾಗಿ ಇಬ್ಬರೂ ಜಗಳಾಡಿದ್ದರು.

ಗುಣವತಿ ಗೋಡೆ ಹಿಡಿದು ಏಳಲು ನೋಡಿದರು, ಆಗಲಿಲ್ಲ. "ರಾಯರ ಜೋಡಿ ನೀವು ಮಾತಾಡಿ ಎಷ್ಟು ದಿನ ಆತ್ರಿ?" ಎಂದರು.

ಎರಡು ವರ್ಷ ಆಗಿತ್ತು.

ಗುಣವತಿಯನ್ನು ಆಸ್ಪತ್ರೆಗೆ ತೋರಿಸಿ, ಈ ಸಲ ಎಲುಬು ಉಳಿದಿದೆ ಎಂದು ಕೇಳಿಕೊಂಡು, ಕಾಲಿಗೆ ಪಟ್ಟಿ ಸುತ್ತಿಸಿ ಕರೆತಂದು, ಸಂಜೆ ವೀರಭದ್ರಪ್ಪ ಅದೇ ಕೆಂಪು ಚೀಟಿಯ ಬೆನ್ನಿಗೆ ಹೊಸದಾಗಿ ಬರೆದರು: ಕರೆಂಟು ಹೋದಾಗ ನಿಮ್ಮ ಜನರೇಟರಿನಿಂದ ನಮ್ಮ ಮೋಟಾರಿಗೆ ಒಂದು ಗಂಟೆ ಲೈನು. ಪಕ್ಕದ ಅಪಾರ್ಟ್‌ಮೆಂಟಿಗೆ ಹೋಗಿ ರಾಯರ ಬಾಗಿಲು ಬಡಿದರು. ವೆಂಕಟೇಶರಾಯರು ಚೀಟಿ ಓದಿದರು, ಪೆನ್ನು ತಂದು ತಮ್ಮ ಸಹಿ ಹಾಕಿದರು.

"ನಿಮ್ಮ ಮಂದಿ ಕೊಡ ಹೊರೋದು ದಿನಾ ಕಿಟಕಿಯಾಗ ನೋಡ್ತಿದ್ದೆ" ಎಂದರು. "ನೀವs ಬಂದು ಕೇಳ್ಲಿ ಅಂತ ಸುಮ್ಮನಿದ್ದೆ."

ವೀರಭದ್ರಪ್ಪನವರಿಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದರು. ಎರಡನೇ ಸಹಿಯ ಜಾಗ ಖಾಲಿಯಿತ್ತು, ಅದು ಅವರದೇ. ಪೆನ್ನು ಇಸಿದುಕೊಂಡು ಸಹಿ ಹಾಕಿದರು.